ಯಾರೂ ಹೊದೆಯದ ಬಟ್ಟೆ

ನಮ್ಮೂರಲ್ಲಿ ಯಾರನ್ನಾದರೂ ಮಾತಾಡಿಸಬೇಕಾದರೆ ಬೀದಿಯ ನಟ್ಟನಡುವೆ ನಿಂತು ಕೂಗಬೇಕು. ಬಾಗಿಲ ಹತ್ತಿರ ಹೋಗುವಂತಿಲ್ಲ. ಬಾಗಿಲಲ್ಲಿ ಬೆಂಡು, ಎಣ್ಣೆ ಹೀರುವ ಹಗುರ ಕರೀ ಹಲಗೆ, ತೂಗುತ್ತಿರುತ್ತದೆ. ಆ ಮನೆಯವರನ್ನು ಬಿಟ್ಟು ಬೇರೆ ಯಾರೇ ಒಂದು ಮಾರು ಹತ್ತಿರ ಬಂದರೂ ಅದು ಅವರ ಮೈಯ ಜಿಡ್ಡನ್ನು ಹೀರುತ್ತದೆ. ದೊಡ್ಡವರಿಗೆ ಅದರಿಂದ ಅಂಥ ಅಪಾಯವೇನಿಲ್ಲ. ತುಟಿ ಒಡೆಯುತ್ತದೆ, ಮೊಣಕೈ ಬಿಳಿಚಿಕೊಳ್ಳುತ್ತದೆ, ಅಷ್ಟೆ. ಆದರೂ ಸುಮ್ಮನೆ ಯಾಕೆ ಎಂದು ನಾವು ಕೂಗಿಯೇ ಮಾತಾಡುತ್ತೇವೆ. ಹೀಗಾಗಿ ಯಾರ ಹೊಟ್ಟೆ ಕೆಟ್ಟಿದೆ, ಯಾರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಹೋದರು ಎಂಬುದೆಲ್ಲ ಇಡೀ ಬೀದಿಗೆ ಗೊತ್ತಿರುತ್ತದೆ. ಇಂಥ ಊರಲ್ಲಿ ನಾನು ಒಂದು ಮಾತನ್ನು ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿದ್ದೆ. ಧೈರ್ಯದಿಂದ ಬಚ್ಚಿಟ್ಟದ್ದಲ್ಲ, ಹೆದರಿ. ನಾನು ಹುಟ್ಟಾ ಪುಕ್ಕಲಿ.

ಅಷ್ಟು ತೊಂದರೆಯಾದರೆ ಬೆಂಡು ತೆಗೆದುಬಿಡಿ ಎಂದು ಸೇತುವೆಯಾಚೆಯ ಗಾಡಿಯವರು ಹೇಳುತ್ತಾರೆ. ಅವರಿಗೇನು, ಹೇಳುತ್ತಾರೆ. ಬೆಂಡು ತೆಗೆದರೆ ನೆಲದಿಂದ ಎಣ್ಣೆ ಏಳುತ್ತದೆ. ಮೊದಲು ಹಾಸುಗಲ್ಲುಗಳ ಸಂದಿ ಒದ್ದೆಯಾಗುತ್ತದೆ, ಆಮೇಲೆ ಚಾಪೆ, ಆಮೇಲೆ ಪಾದ. ಬೆಂಡು ಬಾಗಿಲಲ್ಲಿದ್ದರೆ ಎದ್ದಷ್ಟನ್ನೂ ಅದೇ ಕುಡಿಯುತ್ತದೆ. ಬೆಳಿಗ್ಗೆ ಸಂಜೆ ಅದನ್ನು ಹಿಂಡಿ, ಕೊಡ ತುಂಬಿ, ಗಾಡಿಯವರಿಗೆ ಕೊಡುತ್ತೇವೆ. ಹಿಂಡಿದ ಬೆಂಡು ಕೈಬಿಟ್ಟ ಕೂಡಲೇ ಉಬ್ಬಿ ಮೊದಲಿನಂತಾಗುತ್ತದೆ. ನಾನು ಚಿಕ್ಕವಳಿದ್ದಾಗ ಮೂಲೆಮನೆಯವರು ಮದುವೆಯ ಗಡಿಬಿಡಿಯಲ್ಲಿ ಹಿಂಡಿದ ಬೆಂಡನ್ನು ಹಿತ್ತಲ ಕಟ್ಟೆಯ ಮೇಲಿಟ್ಟು ಮರೆತರು. ಒಲೆ ಉರಿಯುತ್ತಿತ್ತು. ಈಗ ಆ ಜಾಗದಲ್ಲಿ ಕರಿ ಮಣ್ಣು ಬಿಟ್ಟರೆ ಬೇರೇನೂ ಇಲ್ಲ.

ನಾನು ಊರಿಗೆಲ್ಲ ಬೆಂಡು ಮಾಡಿಕೊಡುವ ಬೆಂಡಿನ ಮನೆಯಲ್ಲಿ ಬಾನಿ ನೋಡಿಕೊಳ್ಳುವವಳು. ಹೆಸರು ಕೊಟ್ರಮ್ಮ. ಮದುವೆಯಾಗಲಿಲ್ಲ, ಅವ್ವ, ತಮ್ಮ ರುದ್ರೇಶಿ, ಅವನ ಹೆಂಡತಿ ದಾಕ್ಷಾಯಣಿ, ಇವರ ಜೊತೆ ಇದ್ದೆ. ಬೆಂಡು ಮಾಡುವುದು ಹಳೆ ನೂಲುಬಟ್ಟೆಯಿಂದ. ಬಟ್ಟೆಯನ್ನು ಚಿಂದಿ ಮಾಡಿ, ಸೋಡಾ ನೀರಲ್ಲಿ ಬೇಯಿಸಿ, ಬಾನಿಯಲ್ಲಿ ಕುಟ್ಟಿ ಕುಟ್ಟಿ ಗಂಜಿ ಮಾಡುತ್ತೇವೆ. ಅದಕ್ಕೆ ಸೇತುವೆಯಾಚೆಯಿಂದ ಡಬ್ಬಿಯಲ್ಲಿ ಬರುವ ಮಸಿ ಬೆರೆಸಬೇಕು. ಆ ಮಸಿಯ ಒಂದೊಂದು ಕಣವೂ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಯಂತೆ. ನಾನಂತೂ ನೋಡಿಲ್ಲ, ಕೆಮ್ಮಿದ್ದೇನೆ. ಗಂಜಿಯನ್ನು ತಟ್ಟೆಗೆ ಹೊಯ್ದು ಹೆಪ್ಪುಗಟ್ಟಿಸಿ, ಉಕ್ಕಿನ ಪೀಪಾಯಿಯಲ್ಲಿಟ್ಟು ಅದರೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆಯುತ್ತೇವೆ. ಒಳಗಿನ ಮಂಜುಗಡ್ಡೆ ಕರಗದೆ ಹಾಗೆಯೇ ಆವಿಯಾಗಿ ಹೋಗುತ್ತದೆ. ಒಂಬತ್ತನೆಯ ದಿನ ತೆಗೆದರೆ ಕರೀ ಹಲಗೆ, ತುಂಬೆ ಹೂವಿನ ಮೇಲಿಟ್ಟರೂ ಹೂ ಬಾಗದಷ್ಟು ಹಗುರ. ನೀರು ಹಾಕಿದರೆ ಜಾರಿ ಬೀಳುತ್ತದೆ. ಎಣ್ಣೆಯನ್ನು ಮಾತ್ರ ತನ್ನ ತೂಕದ ನೂರರಷ್ಟು ಕುಡಿಯುತ್ತದೆ.

ಬೆಂಡಿಗೆ ಮನೆಯ ಪ್ರತಿಯೊಬ್ಬರ ಬಟ್ಟೆಯೂ ಬೀಳಬೇಕು. ಯಾರ ಬಟ್ಟೆ ಅದರಲ್ಲಿದೆಯೋ ಅವರನ್ನು ಅದು ಮುಟ್ಟುವುದಿಲ್ಲ. ಒಂದು ಬಟ್ಟೆಗೆ ಒಬ್ಬರು, ಅದು ಮೊದಲು ಯಾರ ಮೈಮೇಲೆ ಬಿತ್ತೋ ಅವರು. ಸೊಸೆ ಬರುವ ಮುಂಚೆ ಅವಳದೊಂದು ಸೀರೆ ಬರುತ್ತದೆ, ಹೊಸ ಬೆಂಡು ಆಗುತ್ತದೆ. ಹುಟ್ಟಲಿರುವ ಕೂಸಿಗೆ ಬಟ್ಟೆ ಎಲ್ಲಿಂದ ಬರಬೇಕು? ಅದಕ್ಕೆ ಬಸುರಿಯೇ ಹೊಸ ಬಟ್ಟೆಯೊಂದನ್ನು ನಾಲ್ಕು ತಿಂಗಳು ದಿನವೂ ಒಗೆದು ಒಣಗಿಸಿ ಮೆತ್ತಗೆ ಮಾಡುತ್ತಾಳೆ. ಯಾರೂ ಉಡಬಾರದು, ಹೊದೆಯಬಾರದು. ಅಂಥ ಬಟ್ಟೆ ಬಿದ್ದ ಬೆಂಡು ಬರುವವರಿಗೆ ಒಂದು ಜಾಗ ಬಿಟ್ಟಿರುತ್ತದೆ. ಅವಸರಕ್ಕೆ ಕಲ್ಲಿನಿಂದ ಬಡಿದು ಮೆತ್ತಗೆ ಮಾಡಿದ ಬಟ್ಟೆ ಬಾನಿಯಲ್ಲಿ ಗಂಜಿಯಾಗದೆ ಗಂಟಾಗುತ್ತದೆ.

ದಾಕ್ಷಿ ಊದಿದ ಕಾಲಿಟ್ಟುಕೊಂಡು ಮೂರು ತಿಂಗಳು ಆ ಬಟ್ಟೆ ಒಗೆದಳು. ಒಂದು ಬೆಳಿಗ್ಗೆ, ಚಳಿ ಜೋರಿತ್ತು, ನಾನು ಕೆಲಸಕ್ಕೆ ಹೊರಟು ಏನೋ ಮರೆತು ಹಿಂದಕ್ಕೆ ಬಂದೆ. ಹಿತ್ತಲಲ್ಲಿ ಅವ್ವ ಬಿಸಿಲು ಕಾಯುತ್ತ ಅವರೆಕಾಯಿ ಸುಲಿಯುತ್ತಿದ್ದಳು. ತಲೆಯ ಮೇಲೆ ಆ ಬಟ್ಟೆ ಹೊದ್ದಿದ್ದಳು.

"ಏನವ್ವ, ಹುಟ್ಬೇಕಾದ ಕೂಸು ನೀನೇ ಏನು?" ಎಂದು ನಕ್ಕೆ.

ಅವ್ವ ಬೆಚ್ಚಿ ಕಿತ್ತು ತೆಗೆದಳು. "ಕಿವಿಗೆ ಗಾಳಿ ಬಡೀತಿತ್ತು ಕಣೆ. ಮರ್ತೆ. ಒಂದು ಗಳಿಗೆ ಅಷ್ಟೇಯ."

ನಾನು ಅದನ್ನು ಇಸಿದುಕೊಂಡು ಮತ್ತೆ ಹಗ್ಗಕ್ಕೆ ಹಾಕಿದೆ. ಹೇಳಿದ್ದರೆ ದಾಕ್ಷಿ ಹೊಸ ಬಟ್ಟೆ ಹಿಡಿದು ಮೊದಲಿನಿಂದ ಒಗೆಯಬೇಕಿತ್ತು, ಹೆರಿಗೆಗೆ ಅಷ್ಟು ದಿನ ಉಳಿದಿರಲಿಲ್ಲ. ರುದ್ರೇಶಿ ಅವ್ವನ ಮೇಲೆ ರೇಗಾಡುತ್ತಿದ್ದ. ಒಂದು ಗಳಿಗೆಗೆ ಏನಾದೀತು ಎಂದುಕೊಂಡೆ. ತಿಂಗಳ ಮೇಲೆ ನಾಲ್ವರ ಬಟ್ಟೆಯ ಜೊತೆ ಅದನ್ನೂ ಬಾನಿಗೆ ತಂದೆ. ಬೆಂಡಿನ ಮನೆಯ ಯಜಮಾನ ಉಜ್ಜಿನಪ್ಪ ಪಕ್ಕದಲ್ಲಿ ನಿಂತಿದ್ದರು. ಬಾನಿಯವಳು ಕೇಳಬೇಕು, ಬಟ್ಟೆ ತಂದವರು ಬಾನಿಯ ಅಂಚು ಮುಟ್ಟಿ ಉತ್ತರ ಹೇಳಬೇಕು, ಇದು ಪದ್ಧತಿ. ಅವತ್ತು ಕೇಳುವವಳೂ ನಾನೇ, ಹೇಳುವವಳೂ ನಾನೇ. "ಇದು ಯಾರ ಮೈಮ್ಯಾಲಾದ್ರೂ ಬಿದ್ದಿತ್ತಾ?" ಎಂದು ಕೇಳಿದೆ. "ಇಲ್ಲ," ಎಂದೆ. ಬಾನಿ ಮುಟ್ಟಿ ಸುಳ್ಳು ಹೇಳಿದವರ ಬಟ್ಟೆಯನ್ನು ಮತ್ತೆ ಯಾವ ಬೆಂಡಿಗೂ ಹಾಕುವುದಿಲ್ಲ. ಅಂದರೆ ಊರು ಬಿಡಬೇಕು.

ಕೂಸು ಹುಟ್ಟಿತು. ಹೆಣ್ಣು. ಕಣ್ಣು ಬಿಡುವ ಮೊದಲೇ ಬಾಯಿ ಚಪ್ಪರಿಸುತ್ತಿತ್ತು. ಮನೆದೇವರ ಹೆಸರಲ್ಲಿ ಹಾಲಮ್ಮ ಎಂದು ಕರೆದೆವು. ಮೂರನೆಯ ದಿನ ಅದರ ಅಂಗಾಲು ಸುಲಿಯಿತು. ಎಳೆ ಮಕ್ಕಳಿಗೆ ಹಾಗಾಗುತ್ತದೆ ಎಂದಳು ಅವ್ವ. ಐದನೆಯ ದಿನ ತುಟಿ ಸೀಳಿತು. ಏಳನೆಯ ದಿನ ಎತ್ತಿಕೊಂಡರೆ ಬೆನ್ನಿನ ಚರ್ಮ ಒಣ ಎಲೆಯಂತೆ ಸದ್ದು ಮಾಡಿತು. ಹಾಲು ಕುಡಿಯುತ್ತಿತ್ತು, ಕುಡಿದಷ್ಟೂ ಸೊರಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ರುದ್ರೇಶಿ ಬೆಂಡು ಹಿಂಡುತ್ತಿದ್ದವನು ಹಾಗೇ ನಿಂತ. "ಅಕ್ಕ, ಇಲ್ಲಿ ಬಾ," ಎಂದ. ಕೊಡದೊಳಗಿನ ಹಳದಿ ಎಣ್ಣೆಯ ಮೇಲೆ ಬೆಳ್ಳಗೆ ತೆಳು ಕೆನೆ ಕಟ್ಟಿತ್ತು. ಮೂಗು ಹತ್ತಿರ ಒಯ್ದೆ. ಹಾಲಿನ ವಾಸನೆ. ಬಾಣಂತಿ ಕೋಣೆಯಿಂದ ದಾಕ್ಷಿ ಗೋಡೆ ಹಿಡಿದುಕೊಂಡು ಬಂದವಳು ತಾನೂ ಬಗ್ಗಿ ಮೂಸಿದಳು. ಅವಳು ಕಿರುಚಲಿಲ್ಲ. ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು, ಬೆಂಡಿಗೆ ಬೆನ್ನು ಮಾಡಿ, ಮೂಲೆಯಲ್ಲಿ ಗೋಡೆಯ ಕಡೆ ಮುಖ ಹಾಕಿ ಕೂತಳು. ಬೆಂಡು ಹೊರಗೆ ಒಂದು ಮಾರಷ್ಟೇ ಎಟಕಿದರೂ ಮನೆಯೊಳಗೆ ಮೂಲೆಮೂಲೆಗೂ ಎಟಕುತ್ತದೆ ಎಂದು ಅವಳಿಗೂ ಗೊತ್ತಿತ್ತು.

"ಬಟ್ಟೆ ಯಾರಾರ ಹೊದ್ದಿದ್ರಾ?" ಎಂದು ರುದ್ರೇಶಿ ಕೇಳಿದ. ಕೇಳಿದ್ದು ನನ್ನನ್ನು.

ಅವ್ವ ಮುಂದೆ ಬಂದಳು. "ನಾನು ಹೊದ್ದಿದ್ದೆ. ಒಂದು ಸತಿ. ಹಿತ್ತಲಾಗೆ ನಾನೊಬ್ಬಳೇ ಇದ್ದೆ, ಯಾರೂ ನೋಡ್ಲಿಲ್ಲ." ಅದನ್ನು ಹೇಳುವಾಗ ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ರುದ್ರೇಶಿ ಗೋಡೆಗೆ ತಲೆ ಚಚ್ಚಿಕೊಂಡ. ನಾನು ಕೊಡದ ಬಾಯಿಗೆ ಬಟ್ಟೆ ಕಟ್ಟುತ್ತ ಕೂತೆ. ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ.

ರುದ್ರೇಶಿ ಒಲೆಗೆ ನೀರು ಹೊಯ್ದು ಆರಿಸಿ ಬೆಂಡನ್ನು ಕಿತ್ತು ಬೀದಿಗೆ ಒಯ್ದು ಹಿಡಿದು ನಿಂತ. ಅರ್ಧ ಗಂಟೆಯಲ್ಲಿ ಹಾಸುಗಲ್ಲು ಹೊಳೆಯತೊಡಗಿತು. ನಾನೂ ಅವ್ವನೂ ಗೋಣಿಚೀಲದಿಂದ ಒರೆಸಿದೆವು. ಒರೆಸಿದಷ್ಟೂ ಎದ್ದಿತು. ದಾಕ್ಷಿ ಕೂಸನ್ನು ಎತ್ತಿಕೊಂಡು ಮಂಚದ ಮೇಲೆ ನಿಂತಳು. ಎಣ್ಣೆ ಹೊಸ್ತಿಲು ದಾಟಿ ಬೀದಿಗಿಳಿದಾಗ ನೆರೆಯವರು ಹೊರಗೋಡಿ ಬಂದರು, ಎಲ್ಲರ ಮನೆಯಲ್ಲೂ ಅಡಿಗೆಯ ಹೊತ್ತು, ಎಲ್ಲರ ಒಲೆಯೂ ಉರಿಯುತ್ತಿತ್ತು. "ನೇತಾಕ್ರಪ್ಪೋ! ಇಡೀ ಕೇರಿನ ಸುಡ್ತೀರೇನು!" ಎಂದು ಎದುರುಮನೆಯ ಮುದುಕ ಕೂಗಿದ. ರುದ್ರೇಶಿ ಅಳುತ್ತಲೇ ಅದನ್ನು ಮತ್ತೆ ತೂಗುಹಾಕಿದ. ಅದು ನೆಲವನ್ನೆಲ್ಲ ಕುಡಿಯಿತು, ಆಮೇಲೆ ಮಂಚದ ಕಡೆಗೆ ಮೆಲ್ಲಗೆ ವಾಲಿತು. ಗಾಳಿಯಿರಲಿಲ್ಲ. ಅದು ವಾಲಿದ್ದನ್ನು ನಾವು ನಾಲ್ವರೂ ನೋಡಿದೆವು.

ಉಜ್ಜಿನಪ್ಪ ಬಂದು ಬೀದಿಯ ನಡುವೆ ನಿಂತರು. ಕೆಟ್ಟವರಲ್ಲ, ಪಾಪ. ಮಾತಿಗೆ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಂಡರು. "ಹೊಸ ಬಟ್ಟೆಗೆ ನಾಕು ತಿಂಗಳು, ಅಷ್ಟು ದಿನ ಕೂಸನ್ನ ಬೀದಿ ನಡುವೆ ಬಿಸಿಲು ಚಳಿಗೆ ಇಡಾಕಾಗಲ್ಲ. ಈ ಕೂಸಿಗೆ ನಾಕು ದಿನ ಐತೋ ಇಲ್ಲೋ. ಸೇತುವೆ ದಾಟ್ಸಾದು ಒಂದೇ ದಾರಿ. ಆದ್ರೆ ಓಣಿ ಐತಲ್ಲಮ್ಮ, ಓಣಿ," ಎಂದರು.

ಊರಿಂದ ಹೊರಗೆ ಹೋಗಲು ಸೇತುವೆ ಓಣಿಯೊಂದೇ ದಾರಿ, ಉಳಿದ ಮೂರು ಕಡೆ ಕೆಸರು. ಓಣಿ ಅಷ್ಟು ಇಕ್ಕಟ್ಟು, ನಡುವೆ ನಡೆದರೂ ಎರಡು ಕಡೆಯ ಬೆಂಡುಗಳಿಗೆ ಎಟಕುತ್ತೇವೆ. ಅರವತ್ತು ಬಾಗಿಲು. ನಾವು ಓಡಿ ದಾಟುತ್ತೇವೆ, ಆಚೆ ಹೋಗಿ ತುಟಿ ನೆಕ್ಕಿಕೊಳ್ಳುತ್ತೇವೆ. ವರ್ಷ ತುಂಬದ ಮಕ್ಕಳನ್ನು ಅಲ್ಲಿಗೆ ಒಯ್ಯುವುದಿಲ್ಲ. ಆರು ವರ್ಷದ ಹಿಂದೆ ಜ್ವರ ಬಂದ ಕೂಸೊಂದನ್ನು ವೈದ್ಯರಿಗೆ ತೋರಿಸಲು ಅದರ ಅಪ್ಪ ಎತ್ತಿಕೊಂಡು ಓಡಿದ್ದ. ಸೇತುವೆಯ ಮೇಲೆ ಬಟ್ಟೆ ಬಿಚ್ಚಿ ನೋಡಿದವನು ಮತ್ತೆ ಮುಚ್ಚಿದ.

ಸಂಜೆ ನಾನು ಓಣಿಯ ನಡುವೆ ನಿಂತು ಒಂದೊಂದು ಬಾಗಿಲಿಗೂ ಕೂಗಿ ಬೇಡಿದೆ. ನಾಳೆ ನಾವು ಬರುವಾಗ ಬೆಂಡನ್ನು ಎರಡು ನಿಮಿಷ ಹಿತ್ತಲಿಗೆ ಒಯ್ಯಿರಿ ಎಂದೆ. ಕೆಲವರು ಹೂಂ ಎಂದರು. ಕೆಲವರು ಕೇಳಿಸಲಿಲ್ಲ ಎಂಬಂತೆ ಸೊಪ್ಪು ಸೋಸುತ್ತ ಕೂತರು. ಒಬ್ಬಾಕೆ, "ನಮ್ಮನೆಯಾಗೂ ಮಕ್ಕಳದಾವಲ್ಲವ್ವ," ಎಂದು ಅತ್ತಳು. ಅವಳ ಭಯ ನನಗೆ ಅರ್ಥವಾಗುತ್ತಿತ್ತು, ಅದಕ್ಕೇ ಹೆಚ್ಚು ಒತ್ತಾಯ ಮಾಡಲಾಗಲಿಲ್ಲ.

ದಾರಿ ಹೇಳಿದ್ದು ಅವ್ವ. ಅವಳು ಸೇತುವೆಯಾಚೆ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವಳು. "ನಮ್ಮ ಕಡೆ ಎಳೆಗೂಸಿಗೆ ಎಣ್ಣೆ ಹಚ್ಚಿ ತಿಕ್ಕಿ ನೀರು ಹಾಕ್ತಾರೆ. ಇದ್ಕೆ ಮೈ ತುಂಬ ಎಣ್ಣೆ ಹಚ್ಚಾನ. ಬೆಂಡು ಮೊದ್ಲು ಮ್ಯಾಲಿಂದು ಕುಡೀತದೆ. ಅದು ಮುಗಿಯಾದ್ರಾಗೆ ಮತ್ತೆ ಹಚ್ಚಾನ. ಹಂಗೇ ಹಚ್ಕಂತಾ ಹಚ್ಕಂತಾ ದಾಟಾನ," ಎಂದಳು. ನಮ್ಮೂರಲ್ಲಿ ಮೈಗೆ ಎಣ್ಣೆ ಹಚ್ಚುವುದೆಂದರೆ ಒಲೆಯನ್ನು ಮಡಿಲಲ್ಲಿಟ್ಟುಕೊಂಡ ಹಾಗೆ. ದಾಕ್ಷಿ ಹೌಹಾರಿ ಗಂಡನ ಮುಖ ನೋಡಿದಳು. ಬೇರೆ ದಾರಿ ಯಾರಿಗೂ ಹೊಳೆಯಲಿಲ್ಲ.

ಕೂಸನ್ನು ಎತ್ತಿಕೊಳ್ಳುವುದು ನಾನು ಎಂದೆ. ಧೈರ್ಯವಲ್ಲ, ಸುಮ್ಮನೆ ನಿಂತು ನೋಡಲು ಆಗುತ್ತಿರಲಿಲ್ಲ. ಅವ್ವ ಎಣ್ಣೆಯ ಕೊಡ ಹೊತ್ತಳು. ರುದ್ರೇಶಿ ನಮ್ಮ ಹಿಂದೆ ಇನ್ನೆರಡು ಕೊಡ ಹೊತ್ತು ಓಣಿಯ ಅರ್ಧದವರೆಗೆ ಬರುವುದು, ಆಮೇಲೆ ತಿರುಗಿ ಹೋಗಿ ದಾಕ್ಷಿಯನ್ನು ಕರೆತರುವುದು ಎಂದಾಯಿತು. ಬೆಳಿಗ್ಗೆ ಹತ್ತರ ಬಿಸಿಲು. ಅವ್ವ ಬೆಂಡು ಎಟಕದ ಬೀದಿಯ ನಡುವೆ ಕೂತು ಹಾಲಮ್ಮನನ್ನು ಕಾಲ ಮೇಲೆ ಮಲಗಿಸಿಕೊಂಡು ನೆತ್ತಿಯಿಂದ ಹಿಮ್ಮಡಿಯವರೆಗೆ ಎಣ್ಣೆ ಹೊಯ್ದು ನೀವಿದಳು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಕೂಸು ಕೈಕಾಲು ಸಡಿಲ ಬಿಟ್ಟು ನಿದ್ದೆಹೋಯಿತು. ದಾಕ್ಷಿ ಅದನ್ನು ನನ್ನ ಕೈಗೆ ಕೊಟ್ಟು, "ಅಕ್ಕ, ಬಿಗಿಯಾಗಿ ಹಿಡ್ಕಳ್ರಿ, ಜಾರ್ತಾಳೆ," ಎಂದಳು.

ಓಣಿಗೆ ಕಾಲಿಟ್ಟೆವು. ಹೂಂ ಎಂದವರಲ್ಲಿ ನಾಲ್ಕೋ ಐದೋ ಮನೆಯವರು ಮಾತ್ರ ಬೆಂಡು ಒಳಗೆ ಒಯ್ದಿದ್ದರು. ಉಳಿದವರ ಬಾಗಿಲು ಮುಚ್ಚಿತ್ತು, ಬೆಂಡು ಹೊರಗೆ ತೂಗುತ್ತಿತ್ತು. ಮೊದಲ ಬಾಗಿಲಿನದು ನಮ್ಮ ಕಡೆ ವಾಲಿತು. ಕೂಸಿನ ಬಲ ತೋಳಿನ ಹೊಳಪು ನನ್ನ ಕಣ್ಣೆದುರಿಗೇ ಆರಿತು. ಅವ್ವ ಬೊಗಸೆಯಲ್ಲಿ ಮೊಗೆದು ಹಚ್ಚಿದಳು. ಎರಡು ಹೆಜ್ಜೆ, ಮತ್ತೆ ಆರಿತು, ಮತ್ತೆ ಹಚ್ಚಿದಳು. ನಾವು ಎಣಿಸಿದ್ದಕ್ಕಿಂತ ಬೇಗ ಆರುತ್ತಿತ್ತು. ನೆಲಕ್ಕೆ ಚೆಲ್ಲಿದ್ದರಲ್ಲಿ ನನ್ನ ಕಾಲು ಜಾರುತ್ತಿದ್ದುದರಿಂದ ಓಡುವಂತಿರಲಿಲ್ಲ. ಇಪ್ಪತ್ತನೆಯ ಬಾಗಿಲ ಹೊತ್ತಿಗೆ ಮೊದಲ ಕೊಡ ಖಾಲಿ. ಮೂವತ್ತಕ್ಕೆ ಎರಡನೆಯದು. ರುದ್ರೇಶಿ ಕೊನೆಯ ಕೊಡ ಇಳಿಸಿಕೊಟ್ಟು, ಇಲ್ಲೇ ಇರಲೋ ಹೋಗಲೋ ಎಂದು ಒದ್ದಾಡಿದ. "ಹೋಗೋ, ಅವಳ್ನ ಕರ್ಕಂಬಾ, ಇದ್ಕೆ ಹಾಲು ಬೇಕಲ್ಲ," ಎಂದು ಅವ್ವ ಗದರಿದಳು.

ಎಣ್ಣೆಯ ರುಚಿ ಹತ್ತಿದ ಬೆಂಡುಗಳು ಎಂದಿನಂತಿರಲಿಲ್ಲ. ಮುಂದಿನ ಬಾಗಿಲುಗಳವು ನಾವು ಬರುವ ಮೊದಲೇ ವಾಲಿಕೊಂಡು ನಿಂತಿದ್ದವು. ನಲವತ್ತನೆಯ ಬಾಗಿಲ ಎದುರು ಕೊಡದ ತಳ ಕೆರೆದ ಸದ್ದು ಕೇಳಿತು. ನನ್ನ ಕಾಲು ನಿಂತುಬಿಟ್ಟವು. ಮುಂದೆ ಇಪ್ಪತ್ತು ಕರಿ ಹಲಗೆಗಳು ನನ್ನನ್ನೇ ನೋಡುತ್ತಿವೆ ಅನ್ನಿಸಿತು. ಕೂಸು ಎಚ್ಚರವಾಗಿ, ಒಡೆದ ತುಟಿ ತೆರೆದು, ಸದ್ದಿಲ್ಲದೆ ಅತ್ತಿತು. "ನಡಿಯೇ!" ಎಂದಳು ಅವ್ವ. ಆಗಲಿಲ್ಲ. ನನ್ನ ಮೈ ಅಡ್ಡ ಹಿಡಿದರೆ ಅವು ಮೊದಲು ನನ್ನನ್ನು ಕುಡಿಯುತ್ತವೆ, ಕೂಸು ಉಳಿಯುತ್ತದೆ ಎಂದು ನನಗೆ ಹೊಳೆದಿತ್ತು. ಹೊಳೆದದ್ದಕ್ಕೇ ಕಾಲು ಏಳಲಿಲ್ಲ.

ಅವ್ವನಿಗೂ ಅದೇ ಹೊಳೆದಿರಬೇಕು. ಅವಳು ಕೊಡ ಬಿಸಾಡಿ, ಕೂಸನ್ನು ನನ್ನ ಕೈಯಿಂದ ಕಿತ್ತುಕೊಂಡು, ರವಿಕೆಯ ಗಂಟು ಬಿಚ್ಚಿ ತನ್ನ ಬರಿಯ ಎದೆಗೆ ಅವುಚಿ, ಮೇಲೆ ಸೆರಗು ಸುತ್ತಿದಳು. ಬೆನ್ನು ಬಗ್ಗಿಸಿ, ಎರಡೂ ತೋಳನ್ನು ಕೂಸಿನ ಸುತ್ತ ಬಳಸಿ ಹೊರಟಳು. ಎಪ್ಪತ್ತು ದಾಟಿದ ಹೆಂಗಸು, ಮೈಯಲ್ಲಿ ಜಿಡ್ಡೆಂಬುದು ಎಷ್ಟಿದ್ದೀತು? ಓಡಲಿಲ್ಲ. ಒಂದೊಂದು ಬಾಗಿಲಿಗೂ ಭುಜ ಕೊಟ್ಟು, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಗಾಳಿಮಳೆಯಲ್ಲಿ ದೀಪ ಒಯ್ಯುವವರಂತೆ ನಡೆದಳು. ನಾನು ಅವಳ ನೆರಳು ಹಿಡಿದು ಹಿಂದೆ ಹೋದೆ. ಅವಳ ಕತ್ತಿನ ಹಿಂಭಾಗ ಬಿಳಿಚಿ, ಬಿರುಕು ಬಿಟ್ಟು, ಆ ಬಿರುಕಿನಿಂದ ರಕ್ತ ಕೂಡ ಬರದೆ ಇದ್ದದ್ದನ್ನು ಇಪ್ಪತ್ತು ಬಾಗಿಲ ಉದ್ದಕ್ಕೂ ನೋಡಿದೆ.

ಸೇತುವೆಯ ಈಚೆ ತುದಿಯಲ್ಲಿ ಎಣ್ಣೆಗೆ ಕಾದಿದ್ದ ಗಾಡಿಯವರ ಹೆಂಗಸರು ಓಡಿಬಂದರು. ಅವ್ವ ಸೆರಗು ಬಿಚ್ಚಿದಳು. ಹಾಲಮ್ಮ ಅವಳ ಎದೆಗೆ ಅಂಟಿಕೊಂಡು ಬಾಯಿ ಚಪ್ಪರಿಸುತ್ತಿತ್ತು. ಒಬ್ಬಾಕೆ ತಕ್ಷಣ ಕೂಸಿಗೆ ಎಣ್ಣೆ ಹಚ್ಚಿದಳು. ಅದರ ಮೈ ಅದನ್ನು ಕುಡಿಯಿತು, ಇನ್ನಷ್ಟು ಹಚ್ಚಿದಳು, ಅದನ್ನೂ ಕುಡಿಯಿತು. ಅವ್ವನನ್ನು ಗಾಡಿಯ ನೆರಳಲ್ಲಿ ಮಲಗಿಸಿ ನಾನೂ ಇನ್ನೊಬ್ಬಾಕೆಯೂ ಅಂಗೈ ಉರಿಯುವಷ್ಟು ತಿಕ್ಕಿದೆವು. ಅವಳ ತೋಳಿನ ಮೇಲೆ ಎಣ್ಣೆ ಗುಂಡುಗುಂಡಾಗಿ ನಿಂತು ಜಾರಿ ಬಿತ್ತು. ಒಂದು ಹನಿಯೂ ಒಳಗೆ ಹೋಗಲಿಲ್ಲ.

"ದಾಕ್ಷಿಗೆ ಏನೂ ಹೇಳ್ಬ್ಯಾಡ," ಎಂದಳು. ದನಿ ಕೇಳಲು ಕಿವಿಯನ್ನು ಅವಳ ಬಾಯಿಗೆ ಇಡಬೇಕಾಯಿತು. "ಹೊದ್ದಾಕಿ ನಾನು. ನೀನು ನೋಡಿಲ್ಲ, ಬಾನಿ ಮುಟ್ಟಿ ಸುಳ್ಳು ಹೇಳಿಲ್ಲ. ನೀ ಊರಾಗೆ ಇರ್ಬೇಕಲ್ಲೇ. ಒಬ್ಬಳೇ ಎಲ್ಲಿಗೆ ಹೋಗ್ತಿ?" ಇಷ್ಟು ಹೇಳಿ ನೀರು ಕೇಳಿದಳು. ನೀರು ತರುವಷ್ಟರಲ್ಲಿ ಹೋಗಿದ್ದಳು. ನಾನು ಅಳಲಿಲ್ಲ. ಭಯಕ್ಕೆ ಅಳುವೂ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರುದ್ರೇಶಿ ಹೆಂಡತಿಯನ್ನು ನಡೆಸಿಕೊಂಡು ಬಂದ. ಅವ್ವನನ್ನು ನೋಡಿ ಅವನು ಅಲ್ಲೇ ಕುಸಿದ. ಕೂಸು ನನ್ನ ತೊಡೆಯ ಮೇಲಿತ್ತು, ಎಣ್ಣೆಯಿಂದ ಮಿರಮಿರ ಮಿಂಚುತ್ತ ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು. ದಾಕ್ಷಿ ಅದನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಆಮೇಲೆ ನನ್ನ ಎರಡೂ ಪಾದ ಹಿಡಿದುಕೊಂಡಳು. "ಅಕ್ಕ, ನೀವು ಎತ್ಕಂಡು ಬರ್ದೇ ಇದ್ದಿದ್ರೆ ನನ್ನ ಕೂಸು ಉಳೀತಿರ್ಲಿಲ್ಲ. ಅತ್ತೆ ಮಾಡಿದ್ದಕ್ಕೆ ನೀವು ಜೀವ ಒತ್ತೆ ಇಟ್ರಿ," ಎಂದು ನನ್ನ ಪಾದದ ಮೇಲೆ ಅತ್ತಳು.

ಸುಮ್ಮನಿದ್ದರೆ ಸಾಕಿತ್ತು. ಅವ್ವ ಅದನ್ನೇ ಬೇಡಿಕೊಂಡು ಹೋಗಿದ್ದಳು. ಸೇತುವೆ, ಓಣಿ, ಬಾನಿ, ನಮ್ಮ ಮನೆಯ ಜಗಲಿ, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. "ದಾಕ್ಷಿ, ಎದ್ದೇಳು," ಎಂದೆ. "ಅವ್ವ ಹೊದ್ದಿದ್ದನ್ನ ನಾನು ನೋಡಿದ್ದೆ. ನಕ್ಕಿದ್ದೆ. ಬಾನಿ ಮುಟ್ಟಿ ಇಲ್ಲ ಅಂದಿದ್ದು ನಾನೇ. ಇಲ್ಲೂ ಅರ್ಧಕ್ಕೇ ನಿಂತೆ. ಎತ್ಕಂಡು ಬಂದಾಕಿ ಅವ್ವ."

ಅವಳು ಪಾದದಿಂದ ಕೈ ತೆಗೆದಳು. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಎರಡೂ ಕೈ ಮುಂದೆ ಚಾಚಿದಳು.

"ಕೂಸು ಕೊಡ್ರಿ," ಎಂದಳು.

ಕೊಟ್ಟೆ. ಅವಳು ಸೇತುವೆ ದಾಟಿ ಕೊನೆಯ ಗಾಡಿಯವರೆಗೆ ಹೋಗಿ, ನನಗೆ ಬೆನ್ನು ಮಾಡಿ ಕೂತು ಹಾಲೂಡಿಸಿದಳು. ರುದ್ರೇಶಿಯೂ ಎದ್ದು ಅವಳ ಹತ್ತಿರ ಹೋದ. ಹೊತ್ತು ಇಳಿಯಿತು. ಊರಿಗೆ ಹೋಗಿ ಉಜ್ಜಿನಪ್ಪನಿಗೂ ಹೇಳಬೇಕಿತ್ತು, ಅವ್ವನ ಮಣ್ಣಿಗೆ ನಾಲ್ಕು ಜನರನ್ನು ಕರೆಯಬೇಕಿತ್ತು. ನನ್ನ ಎರಡು ಅಂಗೈಯಲ್ಲೂ ಹಾಲಮ್ಮನ ಮೈಯ ಎಣ್ಣೆ ಇನ್ನೂ ಹಸಿಯಾಗಿತ್ತು. ಓಣಿಯ ಮೊದಲ ಬಾಗಿಲಲ್ಲೇ ಅದು ಹೋಗಿಬಿಡುತ್ತದೆ ಎಂದು, ಕೈ ಮಡಿಲಲ್ಲಿಟ್ಟುಕೊಂಡು, ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.